ಬಾಕುವಿನ ಲೆಕ್ಕ, ರಾಮಥಾಳದ ನೀರು

ವಿಶ್ವನಾಯಕರ ಶೃಂಗಸಭೆಗಳ ಕುರಿತು ನಮ್ಮ ವಾಣಿಜ್ಯ ಪತ್ರಿಕೆಯ ಪುಟಗಳನ್ನು ವ್ಯಯಿಸುವ ಅವಶ್ಯಕತೆಯಾದರೂ ಏನು ಎಂದು ಕೆಲವು ಸದಸ್ಯರಿಗೆ ಅನ್ನಿಸಬಹುದು. ಜಿ.ಎಸ್.ಟಿ. ನೋಟಿಸುಗಳಿಗೆ ಉತ್ತರ ಬರೆಯುವುದರಲ್ಲಿಯೇ ದಿನ ಮುಗಿಯುತ್ತಿರುವಾಗ ಬಾಕು, ಬೆಲೆಮ್, ದುಬೈಗಳ ಮಾತು ದೂರದ ಬೆಟ್ಟದಂತೆ ಕಾಣುವುದು ಸಹಜ. ಮೂವತ್ತು ವರ್ಷಗಳಿಂದ ಈ ಭಾಗದ ವರ್ತಕರ ಮತ್ತು ಸಣ್ಣ ಉದ್ದಿಮೆದಾರರ ಲೆಕ್ಕಪತ್ರ ನೋಡುತ್ತ ಬಂದಿರುವ ನನಗೂ ಬಹುಕಾಲ ಹಾಗೆಯೇ ಅನ್ನಿಸಿತ್ತು. ಆ ಅಭಿಪ್ರಾಯ ಬದಲಾದದ್ದು ಯಾವುದೇ ಗ್ರಂಥ ಓದಿದ್ದರಿಂದ ಅಲ್ಲ. ಒದ್ದೆಯಾದ ಖಾತೆ ಕಿರ್ದಿ ಪುಸ್ತಕಗಳನ್ನು ಕಚೇರಿಯ ಮಾಳಿಗೆಯ ಮೇಲೆ ಬಿಸಿಲಿಗೆ ಹರಡಿದ್ದರಿಂದ.

ಅದು 2009ರ ಅಕ್ಟೋಬರ್. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಆರಂಭವಾದ ಮಳೆ ಮೂರು ನಾಲ್ಕು ದಿನಗಳಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿತು. ಮಲಪ್ರಭೆಯ ದಂಡೆಯ ಬಾದಾಮಿ, ಹುನಗುಂದ ತಾಲ್ಲೂಕುಗಳ ಊರುಗಳಿಗೆ ನೀರು ನುಗ್ಗಿತು. ನದಿಯ ಪಕ್ಕದ ಊರೊಂದರಲ್ಲಿ ಕಾಳುಕಡಿ ವ್ಯಾಪಾರ ಮಾಡುತ್ತಿದ್ದ ನನ್ನ ಕಕ್ಷಿದಾರರೊಬ್ಬರು ನೀರಿಳಿದ ಮೇಲೆ ಗೋಣಿಚೀಲದಲ್ಲಿ ತಮ್ಮ ಪುಸ್ತಕಗಳನ್ನು ತುಂಬಿಕೊಂಡು ಬಂದರು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಮಸಿ ಹರಡಿತ್ತು. ವಿಮಾ ಪರಿಹಾರದ ಅರ್ಜಿಗೆ ದಾಸ್ತಾನಿನ ವಿವರ ಬೇಕಾಗಿತ್ತು. ಹನ್ನೆರಡು ದಿನ ಒಣಗಿಸಿ ಓದಿದರೂ ಆಗಸ್ಟ್ ತಿಂಗಳ ನಂತರದ ದಾಸ್ತಾನು ನಮೂದೇ ಅದರಲ್ಲಿರಲಿಲ್ಲ. ಅವರು ಬರೆದೇ ಇರಲಿಲ್ಲ. ವಿಮಾ ಸಂಸ್ಥೆಯೂ ಈ ಲೋಪವನ್ನೇ ಹಿಡಿದುಕೊಂಡು ಕೇಳಿದ್ದರ ಅರ್ಧದಷ್ಟನ್ನೂ ಕೊಡಲಿಲ್ಲ.

ಈ ಘಟನೆಗೂ ವಿಶ್ವನಾಯಕರಿಗೂ ಏನು ಸಂಬಂಧ? ದಿನಾಂಕಗಳನ್ನು ಗಮನಿಸಬೇಕು. 2009ರ ಸೆಪ್ಟೆಂಬರ್ 24 ಮತ್ತು 25ರಂದು ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಜಿ-20 ರಾಷ್ಟ್ರಗಳ ನಾಯಕರು ಸೇರಿದ್ದರು. 2008ರ ಆರ್ಥಿಕ ಕುಸಿತದಿಂದ ಜಗತ್ತನ್ನು ಮೇಲೆತ್ತುವುದು ಅವರ ಕಾರ್ಯಸೂಚಿ. ಅವರು ವಿಮಾನ ಹತ್ತಿ ಮನೆ ತಲುಪುವಷ್ಟರಲ್ಲಿ ನಮ್ಮಲ್ಲಿ ಮಳೆ ಶುರುವಾಗಿತ್ತು. ಎರಡು ಸಂಕಟಗಳು ಒಂದೇ ವಾರದಲ್ಲಿ ಒಂದೇ ಅಂಗಡಿಯ ಖಾತೆಯಲ್ಲಿ ಕೂಡಿಬಂದವು: ಒಂದೆಡೆ ಬ್ಯಾಂಕುಗಳು ಸಾಲದ ಮಿತಿಯನ್ನು ಬಿಗಿಗೊಳಿಸಿದ್ದವು, ಇನ್ನೊಂದೆಡೆ ಸರಕು ನೀರುಪಾಲಾಗಿತ್ತು. ಅರ್ಥಶಾಸ್ತ್ರಜ್ಞರು ಇವನ್ನು ಎರಡು ಅಧ್ಯಾಯಗಳಲ್ಲಿ ಬರೆಯುತ್ತಾರೆ. ವರ್ತಕನ ಖಾತೆಯಲ್ಲಿ ಎರಡೂ ಒಂದೇ ಪುಟದ ಖರ್ಚಿನ ಬದಿಗೆ ಬೀಳುತ್ತವೆ.

ಅದೇ ವರ್ಷ ನಾಯಕರು ಎರಡು ದೊಡ್ಡ ವಾಗ್ದಾನಗಳನ್ನು ಮಾಡಿದರು. ಲೆಕ್ಕಪರಿಶೋಧಕನ ದೃಷ್ಟಿಯಲ್ಲಿ ಇವೆರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಅತ್ಯಂತ ಬೋಧಪ್ರದ.

ಮೊದಲನೆಯದು ಏಪ್ರಿಲ್ 2ರ ಲಂಡನ್ ಶೃಂಗಸಭೆಯದು. ಒಟ್ಟು 1.1 ಲಕ್ಷ ಕೋಟಿ ಡಾಲರ್ ಮೊತ್ತದ ಕಾರ್ಯಕ್ರಮ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಂಪನ್ಮೂಲವನ್ನು ಮೂರು ಪಟ್ಟು ಹೆಚ್ಚಿಸಿ 75,000 ಕೋಟಿ ಡಾಲರಿಗೆ ಏರಿಸುವುದು, ವ್ಯಾಪಾರ ಸಾಲಕ್ಕೆ 25,000 ಕೋಟಿ ಡಾಲರ್ ಬೆಂಬಲ ನೀಡುವುದು ಅದರ ಭಾಗಗಳು. ಯಾವ ಸಂಸ್ಥೆಯ ಮೂಲಕ, ಯಾವ ಶೀರ್ಷಿಕೆಯಡಿ ಹಣ ಬರಬೇಕು ಎಂಬುದು ಹೆಚ್ಚುಕಡಿಮೆ ಸ್ಪಷ್ಟವಿತ್ತು. ದೋಷಗಳಿದ್ದವು, ಹಳೆಯ ಬಾಬ್ತುಗಳನ್ನು ಹೊಸದೆಂದು ಎಣಿಸಿದ್ದಾರೆಂಬ ಟೀಕೆಯೂ ಇತ್ತು. ಆದಾಗ್ಯೂ ಜಗತ್ತಿನ ವ್ಯಾಪಾರ ಚಕ್ರ ಪೂರ್ತಿಯಾಗಿ ನಿಲ್ಲಲಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟನ್ನು ಹೊರದೇಶಕ್ಕೆ ಕಳುಹಿಸುವವರಿಗೆ ಆ ಕಾಲದಲ್ಲಿ ಲೆಟರ್ ಆಫ್ ಕ್ರೆಡಿಟ್ ಎಂಬುದು ಎಷ್ಟು ದುರ್ಲಭವಾಗಿತ್ತೆಂಬುದು ನೆನಪಿರಬಹುದು. ಅದು ಮತ್ತೆ ಸಲೀಸಾದುದರಲ್ಲಿ ಲಂಡನ್ನಿನ ಪಾಲೂ ಇದೆ.

ಎರಡನೆಯದು ಡಿಸೆಂಬರ್ ತಿಂಗಳ ಕೋಪನ್‌ಹೇಗನ್ ವಾಗ್ದಾನ. ಹವಾಮಾನ ಬದಲಾವಣೆಯನ್ನು ಎದುರಿಸಲು ಅಭಿವೃದ್ಧಿಶೀಲ ದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವುದಾಗಿ ಶ್ರೀಮಂತ ರಾಷ್ಟ್ರಗಳು ಹೇಳಿದವು. ಯಾವ ದೇಶದ ಪಾಲೆಷ್ಟು? ಬರೆಯಲಿಲ್ಲ. ಅನುದಾನವೋ ಸಾಲವೋ? ಬರೆಯಲಿಲ್ಲ. ಲೆಕ್ಕ ಪರಿಶೋಧಿಸುವವರು ಯಾರು? ಅದನ್ನೂ ಬರೆಯಲಿಲ್ಲ. ಶ್ರೀಮಂತ ರಾಷ್ಟ್ರಗಳದೇ ಒಕ್ಕೂಟವಾದ ಒ.ಇ.ಸಿ.ಡಿ.ಯ ಲೆಕ್ಕದ ಪ್ರಕಾರ ಆ ಮೊತ್ತ ಮೊದಲ ಬಾರಿಗೆ ಪೂರ್ತಿಯಾದದ್ದು 2022ರಲ್ಲಿ, ಅಂದರೆ ಎರಡು ವರ್ಷ ವಿಳಂಬವಾಗಿ. ಸರ್ಕಾರಗಳು ಕೊಟ್ಟ ಹಣದ ಬಹುಭಾಗ ಸಾಲದ ರೂಪದಲ್ಲಿತ್ತು. ನೆರೆಯಲ್ಲಿ ಮನೆ ಕಳೆದುಕೊಂಡವನಿಗೆ ಕೈಗಡ ಕೊಟ್ಟು ಅದನ್ನೇ ದಾನವೆಂದು ಜಮಾ ಬರೆದುಕೊಂಡರೆ ನಾವು ಅಂಥ ಕಿರ್ದಿಗೆ ಸಹಿ ಹಾಕುವುದಿಲ್ಲ.

ನಮ್ಮ ವೃತ್ತಿಯ ಲೆಕ್ಕಪತ್ರ ಮಾನಕಗಳಲ್ಲಿ 29ನೆಯದು ಹೊಣೆಗಾರಿಕೆಗಳನ್ನು ವಿಂಗಡಿಸುತ್ತದೆ. ನಿಶ್ಚಿತವಾಗಿ ಕೊಡಬೇಕಾದ ಬಾಕಿ ಆಸ್ತಿ-ಹೊಣೆ ಪಟ್ಟಿಯ ಒಳಗೆ ಬರುತ್ತದೆ. ಆದರೂ ಆಗಬಹುದು, ಆಗದೆಯೂ ಇರಬಹುದು ಎಂಬಂಥ ಸಂಭಾವ್ಯ ಹೊಣೆ ಪಟ್ಟಿಯ ಕೆಳಗೆ ಟಿಪ್ಪಣಿಯಾಗಿ ಕೂರುತ್ತದೆ. ಲಂಡನ್ನಿನ ವಾಗ್ದಾನ ಪಟ್ಟಿಯ ಒಳಗಿನದು. ಹವಾಮಾನದ ವಾಗ್ದಾನಗಳು ಇಂದಿಗೂ ಟಿಪ್ಪಣಿಯಲ್ಲಿಯೇ ಉಳಿದಿವೆ. ಬ್ಯಾಂಕುಗಳು ಮುಳುಗಿದರೆ ಶ್ರೀಮಂತ ದೇಶಗಳಿಗೆ ನಷ್ಟ, ಮಲಪ್ರಭೆಯ ದಂಡೆ ಮುಳುಗಿದರೆ ನಮಗೆ ಮಾತ್ರ ನಷ್ಟ ಎಂಬ ಸರಳ ಸತ್ಯವೇ ಇದರ ಕಾರಣವೆಂದು ನನ್ನ ಅಭಿಪ್ರಾಯ.

2024ರ ನವೆಂಬರ್‌ನಲ್ಲಿ ಅಜರ್‌ಬೈಜಾನಿನ ಬಾಕು ನಗರದಲ್ಲಿ ಈ ವಾಗ್ದಾನವನ್ನು ನವೀಕರಿಸಲಾಯಿತು. ಅಭಿವೃದ್ಧಿಶೀಲ ರಾಷ್ಟ್ರಗಳು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಬೇಕೆಂದವು. 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಒದಗಿಸುವುದರಲ್ಲಿ ಶ್ರೀಮಂತ ರಾಷ್ಟ್ರಗಳು ಮುಂದಾಳತ್ವ ವಹಿಸುತ್ತವೆ ಎಂದು ಒಪ್ಪಂದವಾಯಿತು. ಭಾರತದ ಪ್ರತಿನಿಧಿ ಸಭೆಯಲ್ಲಿಯೇ ಇದಕ್ಕೆ ಬಲವಾಗಿ ಆಕ್ಷೇಪಿಸಿದರು. ಕೇಳಿದ್ದು ನೂರಾದರೆ ದೊರೆತ ಮಾತು 23. ಅದೂ ಮಾತು, ಹಣವಲ್ಲ.

ನಮ್ಮ ದೇಶದೊಳಗಿನ ಇನ್ನೊಂದು ಲೆಕ್ಕವನ್ನು ಇದರ ಪಕ್ಕದಲ್ಲಿಡದಿದ್ದರೆ ನಾನು ಪಕ್ಷಪಾತಿಯಾಗುತ್ತೇನೆ. 2023ರ ಮುಂಗಾರು ಕೈಕೊಟ್ಟಾಗ ಕರ್ನಾಟಕ ಸರ್ಕಾರ ಹಂತಹಂತವಾಗಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯಿಂದ 18,171 ಕೋಟಿ ರೂಪಾಯಿ ಕೋರಿತು. ತಿಂಗಳುಗಟ್ಟಲೆ ಕಾದು 2024ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಕದ ತಟ್ಟಿತು. ಏಪ್ರಿಲ್ ಕೊನೆಯಲ್ಲಿ ಬಿಡುಗಡೆಯಾದದ್ದು 3,454 ಕೋಟಿ. ನಿಯಮಾವಳಿಯ ಪ್ರಕಾರವೇ ಕೊಟ್ಟಿದ್ದೇವೆ ಎಂಬುದು ಕೇಂದ್ರದ ವಾದ. ಅದರಲ್ಲಿ ಹುರುಳಿದೆಯೋ ಇಲ್ಲವೋ ಎಂಬುದು ಬೇರೆ ಚರ್ಚೆ. ಕೇಳಿದ್ದು ನೂರಾದರೆ ಇಲ್ಲಿ ಬಂದದ್ದು 19. ಒಂದೇ ಸಂವಿಧಾನ, ಒಂದೇ ಖಜಾನೆಯ ಕೆಳಗಿರುವ ನಾವೇ ಹೀಗಿರುವಾಗ, ಇನ್ನೂರರ ಸಮೀಪದಷ್ಟು ಸಾರ್ವಭೌಮ ರಾಷ್ಟ್ರಗಳು ಬಾಕುವಿನಲ್ಲಿ 23ಕ್ಕೆ ಬಂದು ನಿಂತುದರಲ್ಲಿ ಆಶ್ಚರ್ಯವಿಲ್ಲ. ನಗೆಯಾಡುತ್ತಿಲ್ಲ, ಸಹಕಾರ ಎಂಬುದು ಎಷ್ಟು ಕಠಿಣವಾದ ಕಾರ್ಯ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ ಎಂದು ಹೇಳುತ್ತಿದ್ದೇನೆ.

ಆ 2023ನೆಯ ವರ್ಷವೇ ಜಿ-20ರ ಅಧ್ಯಕ್ಷತೆ ನಮ್ಮ ದೇಶದ್ದಾಗಿತ್ತು, ಕರ್ನಾಟಕವೂ ಆತಿಥೇಯವಾಗಿತ್ತು. ಫೆಬ್ರವರಿ 24 ಮತ್ತು 25ರಂದು ಬೆಂಗಳೂರಿನಲ್ಲಿ ಹಣಕಾಸು ಸಚಿವರು ಮತ್ತು ಕೇಂದ್ರ ಬ್ಯಾಂಕುಗಳ ಗವರ್ನರರು ಸೇರಿದರು. ಸಾಲದ ಸುಳಿಗೆ ಸಿಕ್ಕ ಬಡ ದೇಶಗಳ ಪಾಡು, ವಿಶ್ವ ಬ್ಯಾಂಕಿನ ಸುಧಾರಣೆ, ಹವಾಮಾನಕ್ಕೆ ಹಣ, ಎಲ್ಲವೂ ಚರ್ಚೆಗೆ ಬಂದವು. ಉಕ್ರೇನ್ ಯುದ್ಧದ ಬಗೆಗಿನ ಎರಡು ಪರಿಚ್ಛೇದಗಳಿಗೆ ರಷ್ಯ ಮತ್ತು ಚೀನ ಒಪ್ಪದ ಕಾರಣ ಜಂಟಿ ಹೇಳಿಕೆ ಹೊರಬೀಳಲಿಲ್ಲ; ಅಧ್ಯಕ್ಷರ ಸಾರಾಂಶದಿಂದಲೇ ತೃಪ್ತಿಪಡಬೇಕಾಯಿತು. ಜುಲೈ ತಿಂಗಳಲ್ಲಿ ನಮ್ಮ ಇಳಕಲ್ಲಿನಿಂದ ಸುಮಾರು ನೂರು ಕಿಲೋಮೀಟರು ದೂರದ ಹಂಪಿಯಲ್ಲಿ ಸಂಸ್ಕೃತಿ ಕಾರ್ಯತಂಡದ ಸಭೆ, ಅದರ ಬೆನ್ನಿಗೇ ಶೆರ್ಪಾಗಳ ಮೂರನೆಯ ಸಭೆ ನಡೆದವು. ಲಂಬಾಣಿ ಹೆಣ್ಣುಮಕ್ಕಳ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೂ ಸೇರಿತು. ನಾಯಕರ ಘೋಷಣೆಯ ಕರಡು ಅಲ್ಲಿ ರೂಪುಗೊಳ್ಳತೊಡಗಿ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಸರ್ವಸಮ್ಮತವಾಯಿತು.

ಹಂಪಿಯ ಶೆರ್ಪಾ ಸಭೆ ಮುಗಿದದ್ದು ಜುಲೈ 16ಕ್ಕೆ. ನಾಲ್ಕು ದಿನಗಳ ನಂತರ, ಜುಲೈ 20ರಂದು, ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಭಾರತ ನಿಷೇಧಿಸಿತು. ಹಂಪಿಯಿಂದ ಹೊಳೆ ದಾಟಿದರೆ ಗಂಗಾವತಿ. ಸೋನಾ ಮಸೂರಿಯ ಗಿರಣಿಗಳ ಊರು. ಅಲ್ಲಿನ ರಫ್ತುದಾರರು ಬಂದರಿಗೆ ಹೊರಟ ಸರಕನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ತತ್ತರಿಸಿದರು. ಅಮೆರಿಕದಲ್ಲಿರುವ ನನ್ನ ಸೋದರಳಿಯ ಆ ವಾರ ದೂರವಾಣಿ ಮಾಡಿ, ಭಾರತೀಯ ಅಂಗಡಿಗಳ ಮುಂದೆ ಸರತಿ ನಿಂತಿದೆ, ಒಂದು ಮನೆಗೆ ಒಂದೇ ಚೀಲ ಎಂದು ಫಲಕ ಹಾಕಿದ್ದಾರೆ ಎಂದ. ಸಹಕಾರದ ಕರಡು ಬರೆದ ಮಸಿ ಆರುವ ಮುನ್ನವೇ ಮಳೆ ಕೈಕೊಡುವ ಭಯ ನಮ್ಮನ್ನೂ ಬಾಗಿಲು ಮುಚ್ಚುವಂತೆ ಮಾಡಿತು. ದೇಶದೊಳಗಿನ ಬೆಲೆ ಹಿಡಿಯುವುದು ಸರ್ಕಾರದ ಕರ್ತವ್ಯವಲ್ಲವೇ ಎಂದರೆ, ಹೌದು, ಕರ್ತವ್ಯವೇ. ಆದರೆ ಪ್ರತಿಯೊಂದು ದೇಶವೂ ಇದೇ ಉತ್ತರ ಕೊಡುತ್ತದೆ. 2022ರಲ್ಲಿ ಇಂಡೋನೇಷ್ಯ ತಾಳೆ ಎಣ್ಣೆಯ ರಫ್ತು ನಿಲ್ಲಿಸಿದಾಗಲೂ ಅದರ ಉತ್ತರ ಇದೇ ಆಗಿತ್ತು. ಆಗ ಅದನ್ನು ನಾವೇ ಸ್ವಾರ್ಥವೆಂದು ಬೈದೆವು.

ಉಳ್ಳಾಗಡ್ಡಿಯ ಕಥೆ ಇನ್ನೂ ಹತ್ತಿರದ್ದು. 2023ರ ಆಗಸ್ಟ್‌ನಲ್ಲಿ ಶೇಕಡಾ 40 ರಫ್ತು ಸುಂಕ, ಡಿಸೆಂಬರ್‌ನಲ್ಲಿ ಪೂರ್ಣ ನಿಷೇಧ, 2024ರ ಮೇ ತಿಂಗಳಲ್ಲಿ ಮತ್ತೆ ಸುಂಕದೊಡನೆ ಅನುಮತಿ, ಸೆಪ್ಟೆಂಬರ್‌ನಲ್ಲಿ ಸುಂಕ ಶೇಕಡಾ 20ಕ್ಕೆ ಇಳಿಕೆ, 2025ರ ಏಪ್ರಿಲ್ 1ರಿಂದ ಸುಂಕ ರದ್ದು. ಇಪ್ಪತ್ತು ತಿಂಗಳಲ್ಲಿ ಐದು ನಿಯಮಗಳು. ಅಡತಿ ಅಂಗಡಿಯವನು ಯಾವ ಲೆಕ್ಕದ ಮೇಲೆ ರೈತನಿಗೆ ಮುಂಗಡ ಕೊಡಬೇಕು? ಮುಂಗಡ ಕೊಟ್ಟು ಕೈಸುಟ್ಟುಕೊಂಡವರ ಉದ್ರಿ ಖಾತೆಗಳು ನನ್ನ ಮೇಜಿನ ಮೇಲಿವೆ. ಅವುಗಳ ಪಕ್ಕದಲ್ಲಿಯೇ, ನಿಷೇಧದ ಸುಳಿವು ಹಿಡಿದು ಸರಕು ಕೂಡಿಟ್ಟು ಲಾಭ ಮಾಡಿದವರ ಖಾತೆಗಳೂ ಇವೆ. ಸದಸ್ಯರು ಬೇಸರಿಸಬಾರದು.

ಸೂರ್ಯಕಾಂತಿಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಾನು ಬಿ.ಕಾಂ. ಓದುತ್ತಿದ್ದ ದಿನಗಳಲ್ಲಿ ಈ ಸೀಮೆಯ ಎರೆಭೂಮಿಯೆಲ್ಲ ಹಳದಿಯಾಗಿರುತ್ತಿತ್ತು; ಸೂರ್ಯಕಾಂತಿ ಬೆಳೆಯುವುದರಲ್ಲಿ ಕರ್ನಾಟಕವೇ ಮುಂದಿತ್ತು. ಆಮದಿನ ಎಣ್ಣೆ ಅಗ್ಗವಾದಂತೆ ಬೆಳೆಯೂ ಗಾಣಗಳೂ ಕ್ಷೀಣಿಸಿದವು. 2022ರ ಫೆಬ್ರವರಿ 24ರಂದು ರಷ್ಯ ಉಕ್ರೇನಿನ ಮೇಲೆ ಯುದ್ಧ ಹೂಡಿದಾಗ ಭಾರತಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯ ದೊಡ್ಡ ಪಾಲು ಕಪ್ಪು ಸಮುದ್ರದಲ್ಲಿ ಸಿಕ್ಕಿಕೊಂಡಿತು. ಬೇಡಿಕೆ ಇದ್ದರೂ ಇಲ್ಲಿ ಬೀಜವಿರಲಿಲ್ಲ, ಗಾಣವೂ ಇರಲಿಲ್ಲ. ಕಚ್ಚಾ ಎಣ್ಣೆಯ ಮೂಲ ಆಮದು ಸುಂಕವನ್ನು 2024ರ ಸೆಪ್ಟೆಂಬರ್‌ನಲ್ಲಿ ಶೇಕಡಾ 20ಕ್ಕೆ ಏರಿಸಿ 2025ರ ಮೇ ಕೊನೆಗೆ ಶೇಕಡಾ 10ಕ್ಕೆ ಇಳಿಸಿದರು. ಎಂಟು ತಿಂಗಳ ನೀತಿಯನ್ನು ನಂಬಿ ಯಾರೂ ಗಾಣ ಹಾಕುವುದಿಲ್ಲ.

ಈಗ ರಾಮಥಾಳಕ್ಕೆ ಬರೋಣ. ಹುನಗುಂದ ತಾಲ್ಲೂಕಿನ ಈ ಊರಿನ ಹೆಸರನ್ನು ಹೊತ್ತ ರಾಮಥಾಳ-ಮರೋಳ ಹನಿ ನೀರಾವರಿ ಯೋಜನೆಯನ್ನು ಒಂದು ಕಾಲದಲ್ಲಿ ದೇಶವಿದೇಶಗಳ ನಿಯೋಗಗಳು ಬಂದು ನೋಡಿ ಹೋಗುತ್ತಿದ್ದವು. ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಕೃಷ್ಣೆಯನ್ನು ಎತ್ತಿ, ಕಾಲುವೆಯೇ ಇಲ್ಲದೆ ಕೊಳವೆಗಳ ಮೂಲಕ 24,000 ಹೆಕ್ಟೇರಿಗೆ, ಎಂದರೆ ಸುಮಾರು 60,000 ಎಕರೆಗೆ, ಹನಿಹನಿಯಾಗಿ ಹಂಚುವ ಸಾಹಸ. ಕೃಷ್ಣಾ ಭಾಗ್ಯ ಜಲ ನಿಗಮದ ಈ ಕಾಮಗಾರಿಯ ಒಂದು ಭಾಗವನ್ನು ಇಸ್ರೇಲ್ ಮೂಲದ ನೆಟಾಫಿಮ್, ಇನ್ನೊಂದು ಭಾಗವನ್ನು ಜಳಗಾವಿಯ ಜೈನ್ ಇರಿಗೇಶನ್ ಸಂಸ್ಥೆಗಳು ನಿರ್ವಹಿಸಿದವು. ನೆಟಾಫಿಮ್‌ನ ಶೇಕಡಾ 80 ಪಾಲನ್ನು 2018ರಲ್ಲಿ ಮೆಕ್ಸಿಕೋದ ಕಂಪನಿಯೊಂದು ಕೊಂಡಿತು. ಅಲ್ಲಿಗೆ ಸಹ್ಯಾದ್ರಿಯ ಮಳೆ, ಇಸ್ರೇಲಿನ ತಂತ್ರಜ್ಞಾನ, ಮೆಕ್ಸಿಕೋದ ಬಂಡವಾಳ, ಕರ್ನಾಟಕದ ತೆರಿಗೆದಾರನ ಹಣ ಹುನಗುಂದದ ಎರೆಹೊಲದಲ್ಲಿ ಸಂಧಿಸಿದವು. ಹವಾಮಾನ ಸಂಕಟವನ್ನು ಎದುರಿಸಲು ವಿಶ್ವವೇ ಒಂದಾಗಬೇಕು ಎಂದು ಭಾಷಣಗಳಲ್ಲಿ ಹೇಳುತ್ತಾರಲ್ಲ, ಅದು ಒಂದೂರಿನ ಮಟ್ಟದಲ್ಲಿ ಹೀಗೆಯೇ ಕಾಣುತ್ತದೆ.

ಲೆಕ್ಕವೂ ಆಕರ್ಷಕವಾಗಿತ್ತು. ಕಾಲುವೆಯಲ್ಲಿ ಹರಿಸಿ ಹೊಲದಲ್ಲಿ ನಿಲ್ಲಿಸುವ ನೀರಿಗಿಂತ ಬಹಳ ಕಡಿಮೆ ನೀರಿನಲ್ಲಿ ಅಷ್ಟೇ ಭೂಮಿ ನೆನೆಯುತ್ತದೆ. ಸವಳು-ಜವಳಿನ ಭಯವಿಲ್ಲ. ಘಟಪ್ರಭಾ, ಮಲಪ್ರಭಾ ಅಚ್ಚುಕಟ್ಟಿನಲ್ಲಿ ಅತಿ ನೀರುಣಿಸಿ ಕೆಟ್ಟ ಭೂಮಿಯನ್ನು ಕಂಡವರಿಗೆ ಇದರ ಬೆಲೆ ತಿಳಿದಿದೆ. ಜೋಳ, ಕಡಲೆಗಳಿಗೆ ಸೀಮಿತವಾಗಿದ್ದ ಹೊಲಗಳಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ ಬಂದಾವು, ಸಂಸ್ಕರಣಾ ಘಟಕಗಳು ಬಂದಾವು, ಪೇಟೆ ಬೆಳೆದೀತು ಎಂದು ನಾವೆಲ್ಲ ಆಶಿಸಿದೆವು. ಶೀತಲಗೃಹ ಕಟ್ಟಲು ಮುಂದಾಗಿದ್ದ ಇಬ್ಬರು ಕಕ್ಷಿದಾರರಿಗೆ ನಾನೇ ಯೋಜನಾ ವರದಿ ಸಿದ್ಧಪಡಿಸಿ ಕೊಟ್ಟಿದ್ದೆ.

ಆ ಎರಡೂ ವರದಿಗಳು ಕಡತದಲ್ಲಿಯೇ ಉಳಿದವು. ನೀರು ಸಕಾಲಕ್ಕೆ ಬರುತ್ತಿಲ್ಲ, ಕೊಳವೆಗಳು ಹಾಳಾಗಿವೆ, ಹೊಲ ಉಳುವಾಗ ಕಿತ್ತುಹೋದವನ್ನು ಕೂಡಿಸುವವರಿಲ್ಲ ಎಂಬ ರೈತರ ದೂರುಗಳು ವರ್ಷಗಳಿಂದ ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಯಾರ ತಪ್ಪು ಎಂಬ ವಿಚಾರಣೆ ನನ್ನ ಕೆಲಸವಲ್ಲ, ಅದಕ್ಕೆ ಬೇಕಾದ ಕಾಗದಪತ್ರ ನನ್ನ ಬಳಿ ಇಲ್ಲ. ಲೆಕ್ಕಪರಿಶೋಧಕನಾಗಿ ಕಾಣುವ ಒಂದು ಅಂಶವನ್ನಷ್ಟೇ ಹೇಳುತ್ತೇನೆ. ಪ್ಲಾಸ್ಟಿಕ್ ಕೊಳವೆಗೆ ಆಯುಷ್ಯವಿದೆ. ಕೆಲವೇ ವರ್ಷಗಳಲ್ಲಿ ಅದನ್ನು ಬದಲಿಸಬೇಕು. ನಮ್ಮಲ್ಲಿ ಒಂದು ಹಿಟ್ಟಿನ ಗಿರಣಿ ಹಾಕಿದವನೂ ಪ್ರತಿ ವರ್ಷ ಸವಕಳಿ ಬರೆಯುತ್ತಾನೆ. ಜಾಣನಾದರೆ ಆ ಮೊತ್ತವನ್ನು ಬೇರೆ ತೆಗೆದಿಡುತ್ತಾನೆ. ಇಷ್ಟು ದೊಡ್ಡ ಯೋಜನೆಯಲ್ಲಿ ಬಂಡವಾಳ ಯಾರದು ಎಂಬುದು ಮೊದಲ ದಿನದಿಂದ ಸ್ಪಷ್ಟವಿತ್ತು. ಗುತ್ತಿಗೆಯ ನಿರ್ವಹಣಾ ಅವಧಿ ಮುಗಿದ ಮೇಲೆ ಸವಕಳಿ ಯಾರ ಖಾತೆಗೆ ಎಂಬುದು ರೈತನ ಅನುಭವದಲ್ಲಿ ಸ್ಪಷ್ಟವಾಗಲೇ ಇಲ್ಲ. ರೈತ ಅದನ್ನು ಸರ್ಕಾರದ ಕೊಳವೆ ಎಂದುಕೊಂಡ. ನೀರು ಬಳಕೆದಾರರ ಸಂಘಗಳು ಕರ ಎತ್ತಿ ನಿಧಿ ಕೂಡಿಸುವಷ್ಟು ಬಲಿಯಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ವಿಶ್ವಮಟ್ಟದ ಹವಾಮಾನ ಹಣದಲ್ಲಿಯೂ ಇದೇ ಕೊರತೆ ಇದೆ. ಸೌರ ಸ್ಥಾವರ, ಪವನ ಯಂತ್ರ ಇವುಗಳಿಗೆ ಸಾಲ ಸಿಗುತ್ತದೆ. ಅವು ವಿದ್ಯುತ್ ಮಾರಿ ಕಂತು ತೀರಿಸುತ್ತವೆ. ಬರ ಮತ್ತು ನೆರೆಗೆ ಹೊಂದಿಕೊಳ್ಳುವ ಕೆಲಸಗಳು, ಎಂದರೆ ಹನಿ ನೀರಾವರಿಯ ನಿರ್ವಹಣೆ, ಕೆರೆಯ ಹೂಳು, ನದಿದಂಡೆಯ ಊರಿನ ಸ್ಥಳಾಂತರ, ಇವು ಕಂತು ತೀರಿಸುವ ಆದಾಯವನ್ನು ತರುವುದಿಲ್ಲ. ಆದ್ದರಿಂದಲೇ ಅವುಗಳಿಗೆ ಹಣವಿಲ್ಲ. 2025ರ ನವೆಂಬರ್‌ನಲ್ಲಿ ಬ್ರೆಜಿಲಿನ ಬೆಲೆಮ್ ನಗರದ ಸಮ್ಮೇಳನ ಈ ಬಾಬ್ತಿನ ಹಣವನ್ನು 2035ರ ಹೊತ್ತಿಗೆ ಮೂರು ಪಟ್ಟು ಮಾಡಲು ಯತ್ನಿಸಬೇಕೆಂದು ಕರೆ ನೀಡಿತು. ಯತ್ನ, ಕರೆ. ಆದಾಯ ತೆರಿಗೆ ಕಾಯ್ದೆಯಲ್ಲಿ ಸಣ್ಣ ಉದ್ದಿಮೆಗೆ ಕೊಡಬೇಕಾದ ಬಾಕಿಯನ್ನು 45 ದಿನಗಳೊಳಗೆ ಕೊಡದಿದ್ದರೆ ಆ ವೆಚ್ಚವನ್ನೇ ಒಪ್ಪುವುದಿಲ್ಲ ಎಂಬ ನಿಯಮ ತಂದಾಗ ನಮ್ಮಲ್ಲಿ ಎಷ್ಟು ಗದ್ದಲವಾಯಿತು! ಗದ್ದಲವಾದದ್ದೇ ಆ ನಿಯಮಕ್ಕೆ ಹಲ್ಲಿದೆ ಎಂಬುದಕ್ಕೆ ಸಾಕ್ಷಿ. ಬೆಲೆಮ್ ನಿರ್ಣಯಕ್ಕೆ ಯಾರೂ ಗದ್ದಲ ಮಾಡಲಿಲ್ಲ.

ಹಲ್ಲಿರುವ ಜಾಗತಿಕ ಒಪ್ಪಂದ ಸಾಧ್ಯವೇ ಇಲ್ಲ ಎನ್ನುವವರಿಗೆ ಶೀತಲಯಂತ್ರ ಮಾರುವ ನಮ್ಮ ಸದಸ್ಯರನ್ನೇ ತೋರಿಸುತ್ತೇನೆ. ಓಜೋನ್ ಪದರದ ರಕ್ಷಣೆಗಾಗಿ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದಲ್ಲಿ ಯಾವ ಅನಿಲವನ್ನು ಯಾರು ಯಾವ ವರ್ಷದೊಳಗೆ ನಿಲ್ಲಿಸಬೇಕೆಂಬ ಪಟ್ಟಿ ಇದೆ, ಬಡ ದೇಶಗಳಿಗೆ ಹೆಚ್ಚಿನ ಕಾಲಾವಕಾಶವಿದೆ, ಬದಲಾವಣೆಯ ವೆಚ್ಚಕ್ಕೆ ಪ್ರತ್ಯೇಕ ನಿಧಿ ಇದೆ, ಒಪ್ಪಂದದ ಹೊರಗಿನವರೊಡನೆ ಆ ಅನಿಲಗಳ ವ್ಯಾಪಾರಕ್ಕೆ ನಿರ್ಬಂಧವಿದೆ. ಹಳೆಯ ಆರ್-12 ಅನಿಲದ ಫ್ರಿಜ್ಜುಗಳು ನಮ್ಮ ಅಂಗಡಿಗಳಿಂದ ಯಾವಾಗ ಮಾಯವಾದವೆಂಬುದೇ ಅನೇಕರಿಗೆ ನೆನಪಿಲ್ಲ. ಇಳಕಲ್ಲಿನ ದುರಸ್ತಿಗಾರನವರೆಗೂ ಬಂದು ತಲುಪಿದ ವಿಶ್ವ ಒಪ್ಪಂದ ಅದು. ಯಾರಿಗೂ ಅದು ವಿಶ್ವ ಒಪ್ಪಂದವೆಂದು ಅನ್ನಿಸಲೇ ಇಲ್ಲ. 2015ರ ಪ್ಯಾರಿಸ್ ಒಪ್ಪಂದಕ್ಕೆ ಇಂಥ ಕಟ್ಟುಪಾಡಿಲ್ಲ. ಅಮೆರಿಕ 2017ರಲ್ಲಿ ಹೊರಬರುವುದಾಗಿ ಸಾರಿ, 2020ರಲ್ಲಿ ಹೊರಬಂದು, 2021ರಲ್ಲಿ ಮರಳಿ ಸೇರಿ, 2025ರ ಜನವರಿಯಲ್ಲಿ ಮತ್ತೊಮ್ಮೆ ಹೊರಡುವ ಆದೇಶ ಹೊರಡಿಸಿತು. ಪಾಲುದಾರಿಕೆ ಸಂಸ್ಥೆಯೊಂದರಲ್ಲಿ ಅತಿ ದೊಡ್ಡ ಪಾಲುದಾರ ಹೀಗೆ ಬಂದು ಹೋಗಿ ಮಾಡಿದರೆ ಬ್ಯಾಂಕು ಆ ಸಂಸ್ಥೆಯ ಓವರ್‌ಡ್ರಾಫ್ಟ್ ಮುಂದುವರಿಸುವುದಿಲ್ಲ.

ಒಪ್ಪಂದ ದುರ್ಬಲವಾದಲ್ಲಿ ಬಲಾಢ್ಯರು ತಮ್ಮದೇ ಕಾನೂನು ತರುತ್ತಾರೆ. ಇದು ಸಣ್ಣ ತಯಾರಕರಿಗೆ ನೇರವಾಗಿ ತಟ್ಟುವ ಸಂಗತಿ. ಐರೋಪ್ಯ ಒಕ್ಕೂಟದ ಗಡಿ ಇಂಗಾಲ ತೆರಿಗೆ 2023ರ ಅಕ್ಟೋಬರ್‌ನಲ್ಲಿ ವರದಿ ಸಲ್ಲಿಕೆಯ ರೂಪದಲ್ಲಿ ಆರಂಭವಾಗಿ, 2026ರ ಜನವರಿ 1ರಿಂದ ಹಣದ ಹೊಣೆಯೊಡನೆ ಜಾರಿಗೆ ಬಂದಿದೆ. ಕಬ್ಬಿಣ-ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ರಸಗೊಬ್ಬರ, ಜಲಜನಕ ಮತ್ತು ವಿದ್ಯುತ್ತು ಅದರ ವ್ಯಾಪ್ತಿಯಲ್ಲಿವೆ. ತಿರುಪು, ಬೋಲ್ಟುಗಳೂ ಸೇರಿವೆ. ಗ್ರಾನೈಟು ಸೇರಿಲ್ಲ, ಇಳಕಲ್ಲಿನವರು ಸದ್ಯ ನಿಶ್ಚಿಂತರಾಗಿರಬಹುದು. ಒಬ್ಬ ಆಮದುದಾರ ವರ್ಷಕ್ಕೆ 50 ಟನ್ನಿಗಿಂತ ಕಡಿಮೆ ತರಿಸಿದರೆ ವಿನಾಯಿತಿ ಇದೆ ಎಂಬುದನ್ನು ಬೆಳಗಾವಿ, ಹುಬ್ಬಳ್ಳಿಗಳ ಘಟಕದವರು ಗಮನಿಸಬೇಕು. ಭಾರತ ಇದನ್ನು ಏಕಪಕ್ಷೀಯವೆಂದು ವಿರೋಧಿಸಿದೆ, ಆ ವಿರೋಧ ನ್ಯಾಯವೇ. ಅಲ್ಲಿ ವಸೂಲಾಗುವ ಹಣ ಅಲ್ಲಿನ ಬೊಕ್ಕಸಕ್ಕೇ ಹೋಗುತ್ತದೆ. ನಮ್ಮ ಕುಲುಮೆ ಬದಲಿಸಲು ಬರುವುದಿಲ್ಲ. ಆದರೆ ವಿರೋಧ ದಾಖಲಿಸಿದ ಮಾತ್ರಕ್ಕೆ ಖರೀದಿದಾರ ಅಂಕಿ ಕೇಳುವುದನ್ನು ಬಿಡುವುದಿಲ್ಲ. ನಮ್ಮ ದೇಶದಲ್ಲಿಯೇ ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು 2022-23ರಿಂದ ಪರಿಸರ ಹೊಣೆಯ ವರದಿ ಸಲ್ಲಿಸಬೇಕಾಗಿದೆ. ಅವು ತಮ್ಮ ಪೂರೈಕೆದಾರರಿಂದ ವಿದ್ಯುತ್ತು, ಡೀಸೆಲ್ ಬಳಕೆಯ ವಿವರ ಕೇಳತೊಡಗಿವೆ. ಕಳೆದ ವರ್ಷ ಅಂಥ ಪತ್ರ ಹಿಡಿದು ಬಂದ ಉದ್ದಿಮೆದಾರರೊಬ್ಬರ ಬಳಿ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳೂ ಇರಲಿಲ್ಲ. 2009ರ ಒದ್ದೆ ಪುಸ್ತಕಗಳು ನನಗೆ ಮತ್ತೆ ನೆನಪಾದವು.

ಇನ್ನು ನಮ್ಮ ಕೃಷ್ಣೆ. ಬಚಾವತ್ ನ್ಯಾಯಾಧಿಕರಣ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿ.ಎಂ.ಸಿ. ಎಂದು ಪಾಲು ಬರೆಯಿತು. ಜಗಳಗಳಿದ್ದರೂ ಆ ಅಂಕಿಗಳ ಆಧಾರದ ಮೇಲೆಯೇ ಆಲಮಟ್ಟಿ, ನಾರಾಯಣಪುರಗಳ ನೀರಾವರಿ ಬೆಳೆಯಿತು. ಎರಡನೆಯ ನ್ಯಾಯಾಧಿಕರಣ 2010ರ ಡಿಸೆಂಬರ್‌ನಲ್ಲಿ ಆಲಮಟ್ಟಿಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಪ್ರಕರಣ ನ್ಯಾಯಾಲಯದಲ್ಲಿರುವುದರಿಂದ ಅಧಿಸೂಚನೆ ಹೊರಡದೆ ವರ್ಷಗಳು ಉರುಳಿವೆ. ಮುಳುಗಡೆಯಾಗುವ 75,000ಕ್ಕೂ ಅಧಿಕ ಎಕರೆಗೆ ನೀರಾವರಿ ಭೂಮಿಯಾದರೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ರೂಪಾಯಿ ಪರಿಹಾರವನ್ನು ರಾಜ್ಯ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ನಿಗದಿ ಮಾಡಿತು. ಬಾಗಲಕೋಟೆಯ ಹಳೆಯ ಪೇಟೆ ಮುಳುಗಿ ನವನಗರಕ್ಕೆ ಬಂದ ವರ್ತಕರಿಗೆ ಪರಿಹಾರದ ಬೆಲೆಯೂ ವಿಳಂಬದ ಬೆಲೆಯೂ ಚೆನ್ನಾಗಿ ಗೊತ್ತು.

ಗಮನಿಸಬೇಕಾದದ್ದು ಇನ್ನೊಂದಿದೆ. ಪಾಲು ಬರೆದದ್ದೆಲ್ಲ ಕೊರತೆಯ ನೀರಿಗೆ. ಹೆಚ್ಚಾದ ನೀರಿಗೆ ಯಾರೂ ಪಾಲು ಬರೆಯಲಿಲ್ಲ. 2019ರ ಆಗಸ್ಟ್‌ನಲ್ಲಿ ಸಾಂಗಲಿ, ಕೊಲ್ಹಾಪುರಗಳು ಮುಳುಗಿದಾಗ ಮಹಾರಾಷ್ಟ್ರದವರು ಆಲಮಟ್ಟಿಯ ಹಿನ್ನೀರನ್ನು ದೂರಿದರು. ಅದೇ ವಾರ ಇತ್ತ ಮಲಪ್ರಭೆ ಉಕ್ಕಿ ಪಟ್ಟದಕಲ್ಲು, ಐಹೊಳೆಗಳವರೆಗೆ ನೀರು ಬಂದಿತ್ತು. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವರು ಬೆಂಗಳೂರಿಗೆ ಬಂದು ನಮ್ಮ ಮುಖ್ಯಮಂತ್ರಿಗಳೊಡನೆ ಕುಳಿತು, ಮಳೆಗಾಲದಲ್ಲಿ ಜಲಾಶಯಗಳ ಒಳಹರಿವು-ಹೊರಹರಿವಿನ ಮಾಹಿತಿಯನ್ನು ಕಾಲಕಾಲಕ್ಕೆ ಹಂಚಿಕೊಳ್ಳುವ ಮಾತುಕತೆ ನಡೆಸಿದರು. ಆಡಂಬರವಿಲ್ಲದ ಈ ಕೆಲಸ ಹಂಪಿಯ ಸಭೆಯಷ್ಟೇ ಮುಖ್ಯವೆಂದು ನಾನು ತಿಳಿಯುತ್ತೇನೆ. ಕೊಯ್ನಾದಿಂದ ಎಷ್ಟು ನೀರು ಹೊರಟಿದೆಯೆಂದು ಎರಡು ದಿನ ಮೊದಲು ತಿಳಿದರೆ ಕೃಷ್ಣಾ ದಂಡೆಯ ವರ್ತಕ ತನ್ನ ಸರಕನ್ನು ಎತ್ತರಕ್ಕೆ ಸಾಗಿಸಬಲ್ಲ. ಸದ್ಯ ಆ ಮಾಹಿತಿ ಅಧಿಕಾರಿಗಳ ನಡುವೆ ಹರಿದಾಡುತ್ತದೆ, ಅಂಗಡಿಗೆ ತಲುಪುವಷ್ಟರಲ್ಲಿ ನೀರೇ ಬಂದಿರುತ್ತದೆ.

ನಮ್ಮ ಸಂಸ್ಥೆ ಮಾಡಬಹುದಾದ ಕೆಲಸ ಇಲ್ಲಿದೆ. ಜಲಾಶಯಗಳ ಹೊರಹರಿವಿನ ಮುನ್ಸೂಚನೆಯನ್ನು ವಾಣಿಜ್ಯ ಸಂಸ್ಥೆಗಳಿಗೂ ಕಳುಹಿಸಬೇಕೆಂದು ಜಿಲ್ಲಾಡಳಿತಕ್ಕೆ ಮನವಿ ಸಲ್ಲಿಸಲು, ರಾಮಥಾಳ ಯೋಜನೆಗೆ ಸವಕಳಿ ನಿಧಿಯೊಂದನ್ನು ರೈತರ ಸಂಘ, ನಿಗಮ ಮತ್ತು ಉತ್ಪನ್ನ ಕೊಳ್ಳುವ ವರ್ತಕರು ಮೂವರೂ ಸೇರಿ ಕಟ್ಟುವ ಕುರಿತು ಪ್ರಸ್ತಾವನೆ ಇಡಲು ನಾನು ಕರಡು ಸಿದ್ಧಪಡಿಸುತ್ತಿದ್ದೇನೆ. ವರ್ತಕರ ಪಾಲು ಚೀಲಕ್ಕೆ ಇಷ್ಟು ಎಂದು ಇರಬೇಕೆಂಬುದು ನನ್ನ ಸಲಹೆ. ಇದಕ್ಕೆ ವಿರೋಧ ಬರುತ್ತದೆಂದು ಬಲ್ಲೆ. ಕರಡಿಗೆ ಅಂಕಿ ಬೇಕು. 2009, 2019ರ ನೆರೆ ಮತ್ತು 2023ರ ಬರದಲ್ಲಿ ಆದ ಸರಕಿನ ನಷ್ಟ, ವಿಮೆಯಿಂದ ಬಂದ ಮೊತ್ತ, ವಸೂಲಾಗದೆ ಉಳಿದ ಉದ್ರಿ, ಈ ಮೂರನ್ನು ಸದಸ್ಯರು ತಮ್ಮ ಪುಸ್ತಕಗಳಿಂದ ತೆಗೆದು ಮುಂದಿನ ಸರ್ವಸಾಧಾರಣ ಸಭೆಯ ಹದಿನೈದು ದಿನ ಮೊದಲು ಸಂಸ್ಥೆಯ ಕಾರ್ಯಾಲಯಕ್ಕೆ ತಲುಪಿಸಬೇಕಾಗಿ ವಿನಂತಿ. ಅಂದಾಜು ಬೇಡ. ಪುಸ್ತಕದಲ್ಲಿ ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ.